ಏರಿಲ್ಲದ ಕಾಡಿನಲ್ಲಿ ಒಂದು ಹಗಲು

ಚಾರಣ ಎಂದ ಕೂಡಲೇ ನಮ್ಮವರ ಕಣ್ಣಮುಂದೆ ಬರುವುದು ಏರು. ಕೊಡಚಾದ್ರಿ, ಕುಮಾರಪರ್ವತ, ಮುಳ್ಳಯ್ಯನಗಿರಿಗಳ ಹೆಸರು ಹೇಳಿದರೆ ಸಾಕು, ಬೂಟು ಯಾವುದು, ಬ್ಯಾಗು ಯಾವುದು, ಎಷ್ಟು ಹೊತ್ತಿಗೆ ಹತ್ತಬೇಕು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಅದೇ ಜಗಳೂರು ತಾಲ್ಲೂಕಿನ ಕುರುಚಲು ಕಾಡಿಗೆ ಒಂದು ದಿನ ಹೋಗಿಬರೋಣ ಎಂದರೆ ಯಾರೂ ಲೆಕ್ಕ ಹಾಕುವುದಿಲ್ಲ. ಹತ್ತುವುದು ಇಲ್ಲ, ಇಳಿಯುವುದು ಇಲ್ಲ, ಮಧ್ಯಾಹ್ನದ ಊಟಕ್ಕೆ ವಾಪಸ್ಸು ಎಂಬ ಭಾವನೆ. ನನ್ನ ಪ್ರಕಾರ ಈ ಭಾವನೆಯೇ ಅಪಾಯದ ಮೂಲ. ಬಯಲುಸೀಮೆಯ ಒಣಕಾಡು ಕಾಲಿನ ಶಕ್ತಿಯನ್ನು ಪರೀಕ್ಷಿಸುವುದಿಲ್ಲ ನಿಜ, ಆದರೆ ನೀರು, ನೆರಳು, ದಿಕ್ಕು ಈ ಮೂರರ ಅಂದಾಜನ್ನು ಗುಡ್ಡದ ಕಾಡಿಗಿಂತ ಕಟುವಾಗಿ ಪರೀಕ್ಷಿಸುತ್ತದೆ. ಗುಡ್ಡ ಹತ್ತುವವನಿಗೆ ಸುಸ್ತಾದಾಗ ದೇಹವೇ ಹೇಳುತ್ತದೆ, ಕೂತುಕೋ ಎಂದು. ಮಟ್ಟಸ ನೆಲದಲ್ಲಿ ಆ ಎಚ್ಚರಿಕೆ ತಡವಾಗಿ ಬರುತ್ತದೆ, ಬರುವ ಹೊತ್ತಿಗೆ ವಾಹನ ನಿಲ್ಲಿಸಿದ ಜಾಗ ಐದಾರು ಕಿಲೋಮೀಟರ್ ಹಿಂದೆ ಉಳಿದಿರುತ್ತದೆ. ಆದ್ದರಿಂದ ಇಂಥ ನಡಿಗೆಯನ್ನು ಕಿಲೋಮೀಟರಿನಲ್ಲಿ ಯೋಜಿಸದೆ ನೆರಳಿರುವ ಗಂಟೆಗಳಲ್ಲೂ ಹೊರಬಲ್ಲ ಲೀಟರುಗಳಲ್ಲೂ ಯೋಜಿಸಬೇಕು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ನಿಜವಾದ ಕಾಡನ್ನೇ ಮುಂದಿಟ್ಟುಕೊಳ್ಳೋಣ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಯ್ದಿಟ್ಟ ಅರಣ್ಯವನ್ನು 2011ರಲ್ಲಿ ಸರ್ಕಾರ ವನ್ಯಜೀವಿಧಾಮವೆಂದು ಘೋಷಿಸಿತು. ವಿಸ್ತಾರ ಸುಮಾರು 77 ಚದರ ಕಿಲೋಮೀಟರ್. ಹುಲಿಗಾಗಿಯೋ ಆನೆಗಾಗಿಯೋ ಮೀಸಲಾದ ಕಾಡು ಇದಲ್ಲ, ಕೊಂಡುಕುರಿಗಾಗಿ ಮೀಸಲಾದದ್ದು. ಗಂಡಿಗೆ ನಾಲ್ಕು ಕೊಂಬಿರುವ ಈ ಪ್ರಾಣಿ ಭಾರತ ಮತ್ತು ನೇಪಾಳ ಬಿಟ್ಟು ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಬದುಕಿಲ್ಲ. ತೂಕ 20 ಕಿಲೋ ಆಸುಪಾಸು, ಎತ್ತರ ಭುಜದವರೆಗೆ ಎರಡಡಿ. ಹೆಚ್ಚಾಗಿ ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಓಡಾಡುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಯಲ್ಲೇ ಇದರ ಹೆಸರಿದೆ. ಇದು ನೆಲೆ ನಿಂತಿರುವ ಜಾಗವೋ, ಮಲೆನಾಡಿನ ಕಣ್ಣಿಗೆ ಗುಡ್ಡವೆಂದೇ ಅನ್ನಿಸದ ತಗ್ಗು ದಿಬ್ಬಗಳು, ಅವುಗಳ ನಡುವೆ ಜಾಲಿ, ಕಾರೆ, ಕವಳೆ, ತಂಗಡಿ, ಬಂದರಿಕೆಯ ಪೊದೆಗಳು, ಒಣಹುಲ್ಲು. ಹೋಗುವ ಮುನ್ನ ಒಂದು ಸಣ್ಣ ಎಚ್ಚರಿಕೆ: ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಚಿನ್ನಹಗರಿ ಹಳ್ಳಕ್ಕೆ ಕಟ್ಟಿದ ಜಲಾಶಯಕ್ಕೂ ರಂಗಯ್ಯನದುರ್ಗ ಎಂದೇ ಹೆಸರು. ಮೊಬೈಲಿನ ನಕ್ಷೆಯಲ್ಲಿ ಹೆಸರು ಹೊಡೆದು ಕಣ್ಣುಮುಚ್ಚಿ ಹೊರಟವರು ಬೇರೆ ಜಿಲ್ಲೆಯಲ್ಲೇ ಇಳಿಯಬಹುದು. ಜಗಳೂರು ಎಂದು ಸೇರಿಸಿಯೇ ಹುಡುಕಿ.

ನಡಿಗೆಯ ಹೊತ್ತು ಲೆಕ್ಕ ಹಾಕಲು ಚಾರಣಿಗರು ಇಂದಿಗೂ ಬಳಸುವ ಸೂತ್ರ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು. ಗಂಟೆಗೆ ಮೂರು ಮೈಲಿ, ಅಂದರೆ ಸುಮಾರು ಐದು ಕಿಲೋಮೀಟರ್. ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಈ ಸೂತ್ರವನ್ನು ಜಗಳೂರಿಗೆ ತಂದರೆ ಏರು ಸೊನ್ನೆ, ಹಾಗಾಗಿ 20 ಕಿಲೋಮೀಟರ್ ನಾಲ್ಕೇ ಗಂಟೆ. ಕಾಗದದ ಮೇಲೆ ಇದು ಬೆಳಗಿನ ವಾಯುವಿಹಾರದಂತೆ ಕಾಣುತ್ತದೆ. ಸೂತ್ರ ತಪ್ಪೆಂದು ಹೇಳುತ್ತಿಲ್ಲ. ತಂಪು ಗಾಳಿಯ, ಹೆಜ್ಜೆಹೆಜ್ಜೆಗೆ ತೊರೆ ಸಿಗುವ ನಾಡಿನಲ್ಲಿ ಹುಟ್ಟಿದ ಲೆಕ್ಕದಲ್ಲಿ ಬಿಸಿಲಿಗೆ ಜಾಗವಿಲ್ಲ, ಅಷ್ಟೇ. ಇಲ್ಲಿ ಕಾಲು ನಿಧಾನವಾಗುವುದು ಏರಿನಿಂದಾಗಿ ಅಲ್ಲ. ಮುಳ್ಳಿನ ಪೊದೆ ಸುತ್ತಿಕೊಂಡು ಹೋಗಬೇಕು, ಸಡಿಲ ಕಲ್ಲಿನ ಮೇಲೆ ಹೆಜ್ಜೆ ನೋಡಿ ಇಡಬೇಕು, ನಿಂತು ನೀರು ಕುಡಿಯಬೇಕು, ಬಂದ ಉದ್ದೇಶವೇ ನೋಡುವುದಾದ್ದರಿಂದ ನಿಂತು ನೋಡಲೂಬೇಕು. ಇವನ್ನೆಲ್ಲ ಸೇರಿಸಿದರೆ ಗಂಟೆಗೆ ಎರಡೂವರೆ ಕಿಲೋಮೀಟರ್ ಎಂದು ಇಟ್ಟುಕೊಳ್ಳುವುದು ವಿವೇಕ. ಬೆಳಗಿನ ಮೂರೂವರೆ ಗಂಟೆಗೆ ಎಂಟು ಒಂಬತ್ತು ಕಿಲೋಮೀಟರ್. ಹೋಗಿಬರುವ ದಾರಿ ಇದಕ್ಕಿಂತ ಉದ್ದವಿದ್ದರೆ, ಅದು ಎಷ್ಟೇ ಮಟ್ಟಸವಾಗಿರಲಿ, ಆ ದಿನಕ್ಕೆ ಹೆಚ್ಚಾಯಿತು.

ಮೂರೂವರೆ ಗಂಟೆಯೇ ಏಕೆ? ಉತ್ತರ ಆಕಾಶದಲ್ಲಿದೆ. ಜಗಳೂರು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳೂ ಅದಕ್ಕೆ ಅರ್ಧ ಡಿಗ್ರಿ ಆಚೀಚೆ. ಈ ಊರುಗಳಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯ ದಿನಗಳಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮಲೆನಾಡಿನ ಕಾಡಿನಲ್ಲಿ ಇದು ಬರೀ ಕುತೂಹಲದ ಸಂಗತಿ, ಏಕೆಂದರೆ ಅಲ್ಲಿ ಮೇಲೆ ಎಲೆಯ ಚಪ್ಪರವಿದೆ. ಕುರುಚಲು ಕಾಡಿನಲ್ಲಿ ಮರ ಆಳೆತ್ತರಕ್ಕಿಂತ ತುಸು ಹೆಚ್ಚು, ಎಲೆ ಸಣ್ಣದು, ಬೇಸಿಗೆಯಲ್ಲಿ ಅದೂ ಉದುರಿರುತ್ತದೆ. ಇಂಥಲ್ಲಿ ಮರ ಪಕ್ಕಕ್ಕೆ ಚೆಲ್ಲುವ ನೆರಳೇ ಮನುಷ್ಯನಿಗೆ ಆಸರೆ, ಆ ನೆರಳು ಸೂರ್ಯ ಮೇಲೇರಿದಷ್ಟೂ ಕುಗ್ಗುತ್ತದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮೂರು ಮೀಟರ್ ಎತ್ತರದ ಜಾಲಿಗೆ ಆಗ ಎರಡು ಮೀಟರ್‌ಗೂ ಮಿಕ್ಕಿದ ನೆರಳಿರುತ್ತದೆ, ಇಬ್ಬರು ಕೂರಬಹುದು. ಅದೇ ಮರದ ಕೆಳಗೆ ಏಪ್ರಿಲ್ ಕೊನೆಯಲ್ಲಿ ಕೂರಬೇಕೆಂದರೆ ಮುಳ್ಳಿನ ಬುಡಕ್ಕೇ ಸರಿಯಬೇಕು. ಇನ್ನೊಂದು ವಿಷಯ, ನಮ್ಮ ಗಡಿಯಾರ ಪೂರ್ವದ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಪಶ್ಚಿಮಕ್ಕಿರುವ ನಮ್ಮಲ್ಲಿ ನಿಜವಾದ ನಡುಹಗಲು ಋತುವಿಗೆ ತಕ್ಕಂತೆ 12.10ರಿಂದ 12.40ರ ನಡುವೆ ಬರುತ್ತದೆ. ಹನ್ನೆರಡಕ್ಕೆ ಬಿಸಿಲು ತಾರಕ ಮುಟ್ಟಿತು, ಇನ್ನು ಇಳಿಯುತ್ತದೆ ಎಂದುಕೊಂಡು ಹೊರಟವರು ಇನ್ನೂ ಏರುವ ಬಿಸಿಲಿಗೇ ತಲೆಕೊಟ್ಟಿರುತ್ತಾರೆ, ಮೇಲಾಗಿ ನೆಲ ಕಾದು ಬಿಸಿ ಉಗುಳುವುದು ಮಧ್ಯಾಹ್ನ ಎರಡು ಮೂರರ ಹೊತ್ತಿಗೆ.

ಆದ್ದರಿಂದ ದಿನವನ್ನು ಎರಡು ತುಂಡು ಮಾಡಿ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ಹುಟ್ಟುವುದು 6.40–6.50ಕ್ಕೆ. ಏಳಕ್ಕೆ ನಡಿಗೆ ಶುರು, ಹತ್ತೂವರೆಯಿಂದ ಹನ್ನೊಂದರೊಳಗೆ ಕಾಡಿನಿಂದ ಹೊರಗೆ. ನಂತರ ನಾಲ್ಕರವರೆಗೆ ಊರಿನಲ್ಲಿ, ದೇವಸ್ಥಾನದ ಕಟ್ಟೆಯ ಮೇಲೆ, ಇಲ್ಲವೇ ಜಗಳೂರು ಪೇಟೆಯಲ್ಲಿ ಊಟ, ವಿಶ್ರಾಂತಿ. ಅನುಮತಿ ಇದ್ದರೆ ಸಂಜೆ ಇನ್ನೊಂದು ಮೂರ್ನಾಲ್ಕು ಕಿಲೋಮೀಟರ್, ಸೂರ್ಯ ಮುಳುಗುವ ಮುನ್ನ ವಾಪಸ್ಸು. ಒಂದು ದಿನದ ಚಾರಣ ಎಂದರೆ ಬೆಳಗಿನಿಂದ ಸಂಜೆತನಕ ಎಡೆಬಿಡದೆ ನಡೆಯಬೇಕು ಎಂದು ಹಟ ಹಿಡಿಯುವವರಿಗೆ ಈ ಏರ್ಪಾಡು ಅರೆಮನಸ್ಸಿನದ್ದೆಂದು ಅನ್ನಿಸೀತು. ಆದರೆ ಆ ಕಾಡಿನಲ್ಲೇ ಬದುಕುವ ಪ್ರಾಣಿಗಳೂ ಇದೇ ವೇಳಾಪಟ್ಟಿಯಲ್ಲಿ ಬದುಕುತ್ತವೆ. ಕೊಂಡುಕುರಿ ಹೊರಬಂದು ಮೇಯುವುದು ಬೆಳಿಗ್ಗೆ ಮತ್ತು ಸಂಜೆ, ನಡುಹಗಲು ಹುಲ್ಲಿನ ಮರೆಯಲ್ಲಿ ಮಲಗಿರುತ್ತದೆ. ಮಧ್ಯಾಹ್ನ ನಡೆದವನಿಗೆ ಬಿಸಿಲೇ ಹೊರತು ನೋಡಲು ಬೇರೇನೂ ಸಿಗುವುದಿಲ್ಲ.

ನೀರಿನ ಲೆಕ್ಕಕ್ಕೆ ಬರೋಣ. ತಂಪು ತಿಂಗಳಲ್ಲಿ ನಿಧಾನ ನಡಿಗೆಗೆ ಗಂಟೆಗೆ ಅರ್ಧ ಲೀಟರ್, ಬಿಸಿಲೇರಿದ ದಿನಗಳಲ್ಲಿ ಮುಕ್ಕಾಲರಿಂದ ಒಂದು ಲೀಟರ್ ಬೇಕಾಗುತ್ತದೆ. ಒಣ ಹವೆಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ ನೀರು ಹೋಗುತ್ತಿರುವುದು ಕಣ್ಣಿಗೇ ಕಾಣುತ್ತದೆ, ಜಗಳೂರಿನಲ್ಲಿ ಕಾಣುವುದಿಲ್ಲ. ಬಾಯಾರುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಕುಡಿಯುವುದು ಇದಕ್ಕೇ. ಎಷ್ಟು ಹೊರಬೇಕು? ನೀರು ತುಂಬಿದ ಗುಹೆಗಳಲ್ಲಿ ಈಜುವವರು ತಮ್ಮ ಉಸಿರಿನ ಗಾಳಿಗೆ ಪಾಲಿಸುವ ಒಂದು ನಿಯಮವಿದೆ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಮಧ್ಯದಲ್ಲಿ ನೀರು ತುಂಬಿಕೊಳ್ಳಲು ಆಗದ ನಮ್ಮ ಒಣಕಾಡಿಗೂ ಇದೇ ನಿಯಮ ಒಪ್ಪುತ್ತದೆ. ನಾಲ್ಕು ಗಂಟೆಗೆ ಎರಡು ಲೀಟರ್ ಕುಡಿಯುವ ಚಳಿಗಾಲದಲ್ಲಿ ತಲೆಗೆ ಮೂರು ಲೀಟರ್. ಮಾರ್ಚ್ ದಾಟಿದರೆ ನಾಲ್ಕೂವರೆ. ಇಷ್ಟು ಭಾರ ಹೊತ್ತು ನಡೆಯುವುದೇ ಸುಸ್ತಲ್ಲವೇ ಎಂದು ಕೇಳಬಹುದು. ನಾಲ್ಕೂವರೆ ಲೀಟರ್ ಎಂದರೆ ನಾಲ್ಕೂವರೆ ಕಿಲೋ, ನಿಜ. ಆದರೆ ಏರಿಲ್ಲದ ನೆಲ ಕೊಡುವ ಒಂದೇ ರಿಯಾಯಿತಿ ಅದು, ಹೊರೆ ಅಷ್ಟಾಗಿ ಕಾಡುವುದಿಲ್ಲ. ಆ ರಿಯಾಯಿತಿಯನ್ನು ದೂರ ಹೆಚ್ಚಿಸಲು ಖರ್ಚು ಮಾಡದೆ ನೀರು ಹೊರಲು ಬಳಸಿಕೊಳ್ಳಬೇಕು. ಹೊರಲಾಗದಿದ್ದರೆ ದಾರಿ ಕಡಿಮೆ ಮಾಡಿ, ನೀರನ್ನಲ್ಲ. ಬರೀ ನೀರೂ ಸಾಲದು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ಒಳ್ಳೆಯದು. ದಾವಣಗೆರೆಯ ಮಂಡಕ್ಕಿ ಹಗುರವೇನೋ ಹೌದು, ಆದರೆ ಅದಕ್ಕೆ ನೀರು ಜಾಸ್ತಿ ಬೇಕು, ಸಂಜೆ ಊರಿಗೆ ಬಂದ ಮೇಲೆ ಮಿರ್ಚಿಯ ಜೊತೆ ತಿಂದರೆ ಆಯಿತು.

ದಾರಿಯಲ್ಲಿ ಹೊಂಡವೋ ಕಟ್ಟೆಯೋ ಸಿಕ್ಕೀತು, ಅಲ್ಲೇ ಕೂತು ಬುತ್ತಿ ಬಿಚ್ಚಬಹುದು ಎಂಬ ಯೋಚನೆಯನ್ನು ಮೊದಲೇ ಕೈಬಿಡಿ. ಆ ನೀರು ಕುಡಿಯಲು ಯೋಗ್ಯವಲ್ಲ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ. ಜಗಳೂರು ದಾವಣಗೆರೆ ಜಿಲ್ಲೆಯಲ್ಲಿ ಬರಕ್ಕೆ ಹೆಸರಾದ ತಾಲ್ಲೂಕು. ಕೊಂಡುಕುರಿಯಾದರೋ ನೀರಿನಿಂದ ದೂರ ಹೋಗಿ ಬದುಕುವ ಪ್ರಾಣಿಯಲ್ಲ, ಬೇಸಿಗೆಯಲ್ಲಿ ಅದಕ್ಕೆ ನೀರು ಬೇಕೇಬೇಕು. ಫೆಬ್ರುವರಿ ಕಳೆದ ಮೇಲೆ ಇಡೀ ಬೀಡಿನಲ್ಲಿ ಉಳಿಯುವುದು ಬೆರಳೆಣಿಕೆಯ ಹೊಂಡಗಳು. ಅಂಥ ಒಂದು ಹೊಂಡದ ದಡದಲ್ಲಿ ಆರು ಜನ ಎರಡು ಗಂಟೆ ಕೂತು ಮಾತಾಡಿದರೆ, ಅಷ್ಟು ಹೊತ್ತೂ ಪೊದೆಯ ಹಿಂದೆ ನಿಂತ ಪ್ರಾಣಿ ನೀರು ಮುಟ್ಟುವುದಿಲ್ಲ, ನಿಮಗೆ ಅದು ಕಾಣುವುದೂ ಇಲ್ಲ. ನಿಮ್ಮ ಬಳಿ ಸಾಕಷ್ಟು ನೀರು ಇರಬೇಕೆಂಬುದು ನಿಮ್ಮ ಜೀವದ ಪ್ರಶ್ನೆ ಮಾತ್ರ ಎಂದು ನಾನು ಒಪ್ಪುವುದಿಲ್ಲ. ಕಾಡಿನ ನೀರನ್ನು ಕಾಡಿಗೇ ಬಿಡಲು ಇರುವ ದಾರಿಯೂ ಅದೊಂದೇ. ಹೊಂಡ ಕಂಡರೆ ದೂರದಿಂದ ಐದು ನಿಮಿಷ ನೋಡಿ ಮುಂದೆ ಹೋಗಿ.

ದಿಕ್ಕಿನ ವಿಷಯದಲ್ಲಿ ಜನರ ಆತ್ಮವಿಶ್ವಾಸ ಇನ್ನೂ ಹೆಚ್ಚು. ಬಯಲಿನಲ್ಲಿ ದಾರಿ ತಪ್ಪುವುದುಂಟೇ ಎನ್ನುತ್ತಾರೆ. ಗುಡ್ಡದ ನಾಡಿನಲ್ಲಿ ತಪ್ಪಿಸಿಕೊಂಡವನು ಇಳಿಜಾರು ಹಿಡಿದರೆ ಹಳ್ಳ, ಹಳ್ಳ ಹಿಡಿದರೆ ಊರು ಸಿಗುವ ಸಾಧ್ಯತೆ ಇರುತ್ತದೆ. ಶಿಖರವೂ ಗುರುತಿಗೆ ಸಿಗುತ್ತದೆ. ಮಟ್ಟಸ ಕುರುಚಲಿನಲ್ಲಿ ಎಲ್ಲ ದಿಕ್ಕೂ ಒಂದೇ ಥರ, ಪೊದೆ ಎದೆಯೆತ್ತರಕ್ಕಿದ್ದರೂ ನೋಟ ಐವತ್ತು ಹೆಜ್ಜೆಯಲ್ಲಿ ನಿಲ್ಲುತ್ತದೆ, ದನಕುರಿಗಳು ತುಳಿದ ಜಾಡುಗಳು ಕವಲೊಡೆದು ಕವಲೊಡೆದು ಎಲ್ಲಿಗೋ ಹೋಗಿ ಮುಗಿಯುತ್ತವೆ. ಇದಕ್ಕೆ ಪ್ರಯೋಗದ ಆಧಾರವೂ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಟ್ಟಸವಾದ ಬೀನ್‌ವಾಲ್ಡ್ ಕಾಡಿನಲ್ಲಿ ಆರು ಜನರನ್ನು ನೇರ ನಡೆಯಿರಿ ಎಂದು ಬಿಟ್ಟು ಜಿಪಿಎಸ್‌ನಿಂದ ಹಿಂಬಾಲಿಸಿದರು. ಸೂರ್ಯ ಕಂಡ ಇಬ್ಬರು ಹೆಚ್ಚುಕಡಿಮೆ ನೇರ ನಡೆದರು, ಮೋಡದ ದಿನ ನಡೆದ ನಾಲ್ವರೂ ಸುತ್ತು ಹೊಡೆದರು, ಅವರಲ್ಲಿ ಮೂವರು ತಾವು ತುಳಿದ ದಾರಿಯನ್ನೇ ಮತ್ತೆ ದಾಟಿದರೂ ಅವರಿಗೆ ಅದು ಗೊತ್ತಾಗಲಿಲ್ಲ. ಕಾಲು ತನ್ನಷ್ಟಕ್ಕೆ ನೇರ ನಡೆಯುವುದಿಲ್ಲ, ಕಣ್ಣಿಗೆ ಹೊರಗಿನ ಒಂದು ಗುರುತು ಬೇಕು. ಹೊರಡುವಾಗ ಸೂರ್ಯ ಯಾವ ಭುಜಕ್ಕೆ ಬೀಳುತ್ತಿದೆ ನೋಡಿಕೊಳ್ಳಿ, ಮರಳುವಾಗ, ಅಷ್ಟು ಹೊತ್ತಿನಲ್ಲಿ ಸೂರ್ಯ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿದು, ಅದು ಇನ್ನೊಂದು ಭುಜಕ್ಕೆ ಬಂದಿರಬೇಕು. ಮೊಬೈಲ್ ಇದೆಯಲ್ಲ ಎಂಬ ಮಾತಿಗೆ ಅರ್ಧ ಒಪ್ಪಿಗೆ. ಸಿಗ್ನಲ್ ಇಲ್ಲದೆಯೂ ತೆರೆಯುವಂತೆ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ, ವಾಹನ ನಿಲ್ಲಿಸಿದ ಜಾಗವನ್ನು ಗುರುತು ಹಾಕಿದ್ದರೆ, ಫೋಟೋ ತೆಗೆದು ತೆಗೆದು ಬ್ಯಾಟರಿ ಮುಗಿಯದಿದ್ದರೆ ಅದು ಒಳ್ಳೆಯ ಸಾಧನ. ಇವೆಲ್ಲಕ್ಕಿಂತ ಖಚಿತವಾದ ಸಾಧನ ಅರಣ್ಯ ಇಲಾಖೆಯ ವಾಚರ್ ಅಥವಾ ಆ ನೆಲ ಬಲ್ಲ ಸ್ಥಳೀಯರೊಬ್ಬರು ಜೊತೆಗಿರುವುದು.

ವಾಚರ್ ಮಾತು ಬಂದಾಗ ಅನುಮತಿಯ ಮಾತೂ ಬರುತ್ತದೆ, ಇಲ್ಲಿ ಆಕ್ಷೇಪ ಜೋರು. ಕುರಿಗಾಹಿ ದಿನವೂ ಓಡಾಡುವ ಜಾಗಕ್ಕೆ ನಮಗೇಕೆ ಕಾಗದ? ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ಸೆಕ್ಷನ್ ಪ್ರಕಾರ ವನ್ಯಜೀವಿಧಾಮದೊಳಗೆ ಪರವಾನಗಿ ಇಲ್ಲದೆ ಹೋಗಬಲ್ಲವರು ಕೆಲವೇ ವರ್ಗದವರು: ಕರ್ತವ್ಯದಲ್ಲಿರುವ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಪಡೆದವರು, ಒಳಗೆ ಜಮೀನಿನ ಹಕ್ಕುಳ್ಳವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು, ಹಾಗೂ ಮೊದಲ ಮೂರು ವರ್ಗದವರನ್ನು ಅವಲಂಬಿಸಿದ ಮನೆಯವರು. ಪ್ರವಾಸಕ್ಕೆ, ಛಾಯಾಗ್ರಹಣಕ್ಕೆ, ಅಧ್ಯಯನಕ್ಕೆ ಬರುವವರು 28ನೇ ಸೆಕ್ಷನ್ನಿನಡಿ ಪರವಾನಗಿ ಪಡೆಯಬೇಕು. ಬೆಂಕಿ ಹಚ್ಚುವುದು, ಆಯುಧ ಒಯ್ಯುವುದು ಅಪರಾಧ. ಕಾನೂನು ಹೀಗಿದೆ ಎಂದರೆ ಸಾಲದು, ಅದರಲ್ಲಿ ನ್ಯಾಯವಿದೆಯೇ ಎಂದೂ ನೋಡಬೇಕು. ಆ ಕಾಡಂಚಿನ ಜನರ ಬದುಕು ಆ ನೆಲದ ಮೇಲೆ ನಿಂತಿದೆ, ನೀರು ಎಲ್ಲಿ, ಕರಡಿ ಎಲ್ಲಿ ಎಂದು ಅವರಿಗೆ ಗೊತ್ತು. ನಮ್ಮದು ರಜೆಯ ದಿನದ ಸಂತೋಷ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ಮಿತಿ ಹಾಕಬೇಕಾಯಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂತು. ನೀವು ಹೋಗಬೇಕೆಂದಿರುವ ದಾರಿ ಅದರ ಪಟ್ಟಿಯಲ್ಲಿದ್ದರೆ ಅಲ್ಲೇ ಕಾಯ್ದಿರಿಸಿ. ಇಲ್ಲದಿದ್ದರೆ ಜಗಳೂರಿನ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಎರಡು ವಾರ ಮೊದಲೇ ಲಿಖಿತ ಅರ್ಜಿ ಕೊಡಿ. ಎಷ್ಟು ಜನ, ಯಾವ ದಿನ, ಯಾಕೆ, ಯಾವ ವಾಹನ ಎಂದು ಬರೆಯಿರಿ, ಗುರುತಿನ ಚೀಟಿಯ ನಕಲು ಲಗತ್ತಿಸಿ. ಅನುಮತಿ ಸಿಗದಿರಬಹುದು. ಬೇಸಿಗೆಯ ಕಾಳ್ಗಿಚ್ಚಿನ ದಿನಗಳಲ್ಲಿ ಸಿಗದಿರುವ ಸಾಧ್ಯತೆ ಹೆಚ್ಚು, ಅದು ಸರಿಯೂ ಹೌದು. ಆಗ ಹಿಂಬಾಗಿಲಿನಿಂದ ನುಗ್ಗದೆ ದಿನಾಂಕ ಬದಲಿಸಿ.

ಪ್ರಾಣಿಗಳ ಭಯದ ಬಗ್ಗೆ ಅಳತೆ ಮೀರದ ಮಾತು ಬೇಕು. ಇಂಥ ಕಾಡಿನಲ್ಲಿ ಚಿರತೆಗಿಂತ ಎಚ್ಚರವಾಗಿರಬೇಕಾದ್ದು ಕರಡಿಗೆ. ಅದು ಹೆಚ್ಚಾಗಿ ರಾತ್ರಿ ತಿರುಗಿ ಬೆಳಕು ಹರಿಯುವಾಗ ಬಂಡೆಗಳ ಸಂದಿಗೆ ಮರಳುತ್ತದೆ. ಕಣ್ಣು ಮಂದ, ಹತ್ತಿರದಲ್ಲಿ ಥಟ್ಟನೆ ಎದುರಾದರೆ ಓಡುವ ಬದಲು ಮೈಮೇಲೆ ಬೀಳುತ್ತದೆ. ಬಿಸಿಲು ತಪ್ಪಿಸಲು ಬೇಗ ಹೊರಡಿ ಎಂದ ಮೇಲೆ ನಸುಕಿನಲ್ಲೇ ಹೊರಡಬಹುದಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಇದೇ: ಬೇಡ, ಪೂರ್ತಿ ಬೆಳಕಾದ ಮೇಲೆಯೇ ಕಾಡಿಗೆ ಕಾಲಿಡಿ, ಬಂಡೆಗುಡ್ಡೆಗಳ ಬುಡದಲ್ಲಿ ಸುತ್ತಾಡಬೇಡಿ, ಗುಂಪು ಬಿಟ್ಟು ಒಬ್ಬರೇ ಹೋಗಬೇಡಿ. ಹಾವಿಗೆ ಮುಚ್ಚಿದ ಬೂಟು, ದಪ್ಪ ಪ್ಯಾಂಟು, ಕೈ ಹಾಕುವ ಮುನ್ನ ಕಣ್ಣು ಹಾಯಿಸುವ ಅಭ್ಯಾಸ, ಇಷ್ಟೇ ರಕ್ಷೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ನಡೆಸದೆ, ಹೊತ್ತುಕೊಂಡು ಹೋಗಿ 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ತಾಲ್ಲೂಕು ಆಸ್ಪತ್ರೆ ಸೇರಿಸಿ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದು ಇದು ಎಷ್ಟು ದೊಡ್ಡ ಸಮಸ್ಯೆ ಎಂಬುದಕ್ಕೆ ಸಾಕ್ಷಿ. ಇಷ್ಟಾದರೂ ಒಂದು ಹಗಲಿನ ನಡಿಗೆಯಲ್ಲಿ ಹಾವು, ಕರಡಿಗಿಂತ ನಿಮ್ಮನ್ನು ಕೆಡವುವ ಸಾಧ್ಯತೆ ಹೆಚ್ಚಿರುವುದು ಬಿಸಿಲಿಗೇ. ಜೊತೆಗಾರ ಮಾತು ತೊದಲಿದರೆ, ಹೇಳಿದ್ದು ಅರ್ಥವಾಗದವನಂತೆ ನಡೆದುಕೊಂಡರೆ, ಅದು ದಣಿವಲ್ಲ, ಬಿಸಿಲಾಘಾತದ ಲಕ್ಷಣ. ಅಲ್ಲೇ ನೆರಳು ಮಾಡಿ, ಬಟ್ಟೆ ಸಡಿಲಿಸಿ, ಆಪತ್ತಿನ ಪಾಲಿನ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿ, ಸಹಾಯ ಕರೆಯಿರಿ. ನೆರಳು ಮಾಡುವುದು ಯಾವುದರಿಂದ ಎಂದರೆ ಕೊಡೆಯಿಂದ. ಅಗಲವಾದ ಕಾಡುರಸ್ತೆಯಲ್ಲಿ ಕಪ್ಪು ಕೊಡೆಯಷ್ಟು ಉಪಯುಕ್ತವಾದ ಸಾಮಾನು ಇನ್ನೊಂದಿಲ್ಲ, ದುಬಾರಿ ಟೋಪಿಗಳನ್ನು ಮಾರುವವರು ಇದನ್ನು ಹೇಳುವುದಿಲ್ಲ.

ಇಷ್ಟೆಲ್ಲ ಪಾಡುಪಟ್ಟು ಈ ಮುಳ್ಳುಕಾಡಿಗೇ ಏಕೆ ಹೋಗಬೇಕು, ಎರಡು ಮೂರು ಗಂಟೆಯ ಪ್ರಯಾಣದಲ್ಲಿ ಮಲೆನಾಡೇ ಇದೆಯಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಹಸಿರು ಮಾತ್ರ ಕಾಡು ಎಂದು ನಂಬಿದ್ದರಿಂದಲೇ ನಾವು ಇಂಥ ನೆಲವನ್ನು ಬಂಜರು ಎಂದು ಕರೆದು ಕಳೆದುಕೊಂಡೆವು. ದೇಶದ ಪಾಳುಭೂಮಿ ನಕಾಶೆಯಲ್ಲೇ ಕುರುಚಲು ನೆಲಕ್ಕೆ ಪ್ರತ್ಯೇಕ ಕಲಂ ಇದೆ. ಅದೇ ನೆಲ ಕೊಂಡುಕುರಿಗೆ ಮನೆ ಎಂದು ತಿಳಿಯಲು ಅಲ್ಲಿ ಒಮ್ಮೆ ನಿಧಾನವಾಗಿ ನಡೆಯಬೇಕು. ಪ್ರಾಣಿಯನ್ನೇ ನೋಡುತ್ತೇವೆಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅದು ಒಂದೇ ಜಾಗದಲ್ಲಿ ಮತ್ತೆಮತ್ತೆ ಹಿಕ್ಕೆ ಹಾಕುವುದರಿಂದ ನೆಲದ ಮೇಲೆ ಸಣ್ಣ ರಾಶಿಗಳು ಸಿಗುತ್ತವೆ, ಹಳೆಯದರ ಮೇಲೆ ಹೊಸದು ಬಿದ್ದಿದ್ದರೆ ಆ ಹಾದಿ ಇಂದಿಗೂ ಬಳಕೆಯಲ್ಲಿದೆ ಎಂದರ್ಥ. ಗೆದ್ದಲ ಹುತ್ತ ಬಗೆದಿದ್ದರೆ ಕರಡಿ, ನೆಲ ಗೂರಾಡಿದ್ದರೆ ಹಂದಿ. ಇಂಥ ಕಾಡನ್ನು ಓದುವುದು ನೆಲ ನೋಡಿಕೊಂಡೇ. ಅಮೆರಿಕದ ಫ್ಲಾರಿಡಾದಲ್ಲಿ ಎವರ್‌ಗ್ಲೇಡ್ಸ್ ಎಂಬ ರಾಷ್ಟ್ರೀಯ ಉದ್ಯಾನವಿದೆ, 1947ರಲ್ಲಿ ಉದ್ಘಾಟನೆಯಾದದ್ದು. ಬೆಟ್ಟವಿಲ್ಲ, ಜಲಪಾತವಿಲ್ಲ, ನೆಲ ಸಮುದ್ರಮಟ್ಟದಿಂದ ಕೆಲವೇ ಅಡಿ ಮೇಲೆ. ನೋಟದ ವೈಭವಕ್ಕಾಗಿ ಉದ್ಯಾನಗಳಾಗುತ್ತಿದ್ದ ಕಾಲದಲ್ಲಿ ಅದು ಜೀವಜಾಲದ ಸಲುವಾಗಿಯೇ ಉದ್ಯಾನವಾಯಿತು. ಅಲ್ಲಿಗೂ ಜನ ಹೋಗುವುದು ಚಳಿಗಾಲದ ಒಣ ತಿಂಗಳುಗಳಲ್ಲಿ, ಬಿಸಿಲು, ಸಿಡಿಲು, ಸೊಳ್ಳೆಯ ಕಾಲ ಬಿಟ್ಟು. ಮಟ್ಟಸ ನೆಲಕ್ಕೆ ಋತುವೇ ಮುಖ್ಯ ಎಂಬುದು ಅಲ್ಲಿಯೂ ಕಂಡ ಮಾತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಓದುಗರಿಗೆ ದೂರವೇ ತೊಡಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಕೂಡಿದವು. ಒಂದೇ ಜಿಲ್ಲೆಯಾದರೂ ಈ ತುದಿಯಿಂದ ಆ ತುದಿಗೆ ದಾವಣಗೆರೆ ಹಾದು ಸುಮಾರು ನೂರು ಕಿಲೋಮೀಟರ್. ಬೆಳಗಿನ ಬಸ್ಸು ಹಿಡಿದು ಬಂದರೆ ನಡೆಯುವ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ. ಹಿಂದಿನ ರಾತ್ರಿ ದಾವಣಗೆರೆಯಲ್ಲೋ ಜಗಳೂರಿನಲ್ಲೋ ಉಳಿಯಿರಿ. ಅದಾಗದಿದ್ದರೆ ಮನೆಯ ಹತ್ತಿರವೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ ಇದೆ. ಎರಡು ಗುಡ್ಡಗಳ ನಡುವೆ ಮೋಟಾದ ಏರಿ ಕಟ್ಟಿ ಇಷ್ಟು ವಿಶಾಲ ನೀರು ನಿಲ್ಲಿಸಿದ ಹಿಂದಿನವರ ನೆಲಜ್ಞಾನ ನೋಡಲೆಂದೇ ಒಂದು ಬೆಳಿಗ್ಗೆ ಮೀಸಲಿಡಬಹುದು. ಚಳಿಗಾಲದಲ್ಲಿ ನೀರುಹಕ್ಕಿಗಳೂ ಇರುತ್ತವೆ. ಆದರೆ ಕೆರೆಯ ಅಂಚು ಬಿಟ್ಟು ಉಬ್ರಾಣಿ ಕಡೆಯ ಕಾಡಿನೊಳಗೆ ಅನುಮತಿ ಇಲ್ಲದೆ ಹೋಗಬೇಡಿ, ಅದು ಆನೆ ಓಡಾಡುವ ಪ್ರದೇಶ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆ ದಾಳಿಗೆ ಬಾಲಕಿಯೊಬ್ಬಳು ಬಲಿಯಾದಳು, ನ್ಯಾಮತಿ ತಾಲ್ಲೂಕಿನ ಜೀನಹಳ್ಳಿ ಬಳಿಯ ಸೆರೆ ಕಾರ್ಯಾಚರಣೆಯಲ್ಲಿ ವನ್ಯಜೀವಿ ವೈದ್ಯರೊಬ್ಬರು ತೀವ್ರವಾಗಿ ಗಾಯಗೊಂಡರು. ನ್ಯಾಮತಿಯವರಿಗೆ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರ ಹತ್ತಿರ, ಅಲ್ಲಿ ಮರದ ನೆರಳೂ ಉಂಟು, ನೀರೂ ಉಂಟು.

ಕಾಲದ ಆಯ್ಕೆಯಲ್ಲಿ ನನ್ನ ಒಲವು ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ. ಮಳೆ ಬಿದ್ದ ಮೇಲೆ ಜಗಳೂರು ಹಸಿರಾಗುತ್ತದೆ, ಆಗಲೇ ಚಂದ ಎನ್ನುವವರಿದ್ದಾರೆ. ಚಂದವೇ. ಆದರೆ ಎರೆನೆಲದ ಬಂಡಿದಾರಿ ಒಂದೇ ಮಳೆಗೆ ಬೂಟು ಹಿಡಿದು ಬಿಡದ ಕೆಸರಾಗುತ್ತದೆ, ಎತ್ತರದ ಹುಲ್ಲಿನಲ್ಲಿ ಹಾವೂ ಕಾಣುವುದಿಲ್ಲ, ಕೊಂಡುಕುರಿಯೂ ಕಾಣುವುದಿಲ್ಲ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗುಡುಗುಮಳೆ, ಅಕ್ಟೋಬರ್‌ನ ಹಿಂಗಾರು ಎರಡೂ ಸಿಡಿಲಿನ ಕಾಲ. ಬಯಲಿನಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತು, ಒಂಟಿ ಮರ ಅದಕ್ಕಿಂತ ಎತ್ತರದ ಗುರಿ. ಗುಡುಗು ಕೇಳಿದ ಕೂಡಲೇ ವಾಹನಕ್ಕೋ ಕಟ್ಟಡಕ್ಕೋ ಸೇರಿಕೊಳ್ಳಿ. ಅವು ಹತ್ತಿರದಲ್ಲಿ ಇಲ್ಲದಿದ್ದರೆ ಒಂಟಿ ಮರ ಬಿಟ್ಟು ತಗ್ಗಿನಲ್ಲಿ, ಒಬ್ಬರಿಂದೊಬ್ಬರು ದೂರ ದೂರ ಕುಕ್ಕರಗಾಲಿನಲ್ಲಿ ಕೂರಿ, ಕೊಡೆ ಮಡಚಿಡಿ.

ಇನ್ನು ಉಳಿದದ್ದು ಮನೆಯಲ್ಲಿ ಬಿಟ್ಟುಹೋಗಬೇಕಾದ ಚೀಟಿ. ಯಾವ ಕಡೆಯಿಂದ ಒಳಗೆ ಹೋಗುತ್ತೇವೆ, ವಾಹನ ಎಲ್ಲಿ ನಿಲ್ಲಿಸುತ್ತೇವೆ, ಜೊತೆಗೆ ಯಾರು, ಅನುಮತಿ ಕೊಟ್ಟ ಕಚೇರಿಯ ದೂರವಾಣಿ ಯಾವುದು ಎಂದು ಬರೆದು, ಮಧ್ಯಾಹ್ನ ಒಂದು ಗಂಟೆಯೊಳಗೆ ಕರೆ ಬರದಿದ್ದರೆ ಮೊದಲು ಆ ಕಚೇರಿಗೆ, ನಂತರ 112ಕ್ಕೆ ತಿಳಿಸಿ ಎಂದು ಒಬ್ಬರಿಗೆ ಒಪ್ಪಿಸಿ. ಸಂಜೆಯ ನಡಿಗೆಗೆ ಹೊರಟರೆ ಇನ್ನೊಂದು ಗಡುವು ಹೇಳಿ. ಹೊರಬಂದ ಮೇಲೆ ಮನೆಗೂ ವಲಯ ಕಚೇರಿಗೂ ಬಂದೆವೆಂದು ತಿಳಿಸಲು ಮರೆಯಬೇಡಿ, ನೀವು ಊಟಕ್ಕೆ ಕೂತ ಹೊತ್ತಿನಲ್ಲಿ ಇಬ್ಬರು ವಾಚರ್‌ಗಳು ಬಿಸಿಲಿನಲ್ಲಿ ನಿಮ್ಮನ್ನು ಹುಡುಕುತ್ತ ಅಲೆಯುವಂತಾಗಬಾರದು.